ಕೊಡುವವರು ಎಡಗಡೆ

ತಸ್ಲೀಮಳಿಗೆ ದಣಿವು ಮೊದಲು ಬರುವುದು ಬಲ ಮೊಣಕೈಗೆ. ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದವಳೇ ಮೊಣಕೈಯನ್ನು ಮೇಜಿನ ಮೇಲೆ ಮಗು ಮಲಗಿಸಿದ ಹಾಗೆ ಮಲಗಿಸಿ, ಎಡಗೈಯಿಂದ ಚಹಾ ಕುಡಿಯುತ್ತಾಳೆ. ಅವಳ ಪಕ್ಕದ ಕುರ್ಚಿಯಲ್ಲಿ ಇಷ್ಟು ವರ್ಷ ಕೂತು ನಾನು ಕಂಡುಕೊಂಡದ್ದೇನೆಂದರೆ, ಬೇರೆ ಪಾಠದ ದಿನ ಮೊಣಕೈ ಮಾತ್ರ ಮಲಗುತ್ತದೆ, ವಿದ್ಯುತ್ ರಸಾಯನದ ಲೆಕ್ಕ ಮಾಡಿಸಿದ ದಿನ ತಲೆಯೂ ಮಲಗುತ್ತದೆ.

ನಾನು ಅದೇ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡ ಕಲಿಸುವವಳು. ನಿವೃತ್ತಿ ಹತ್ತಿರ ಬಂದಿದೆ, ಮೊಣಕಾಲುಗಳು ಹೋಗಿವೆ, ನಾಲಿಗೆ ಮಾತ್ರ ಗಟ್ಟಿಯಾಗಿದೆ. ನನ್ನದು ಕಾಯಂ ನೌಕರಿ. ತಸ್ಲೀಮ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಜೂನ್‌ನಲ್ಲಿ ಕರೆಯುತ್ತಾರೆ, ಮಾರ್ಚ್‌ನಲ್ಲಿ ಕಳಿಸುತ್ತಾರೆ. ಅತಿಥಿ ಅಂದಮೇಲೆ ಊಟವಾದ ಕೂಡಲೇ ಏಳಬೇಕಪ್ಪ ಎಂದು ಒಮ್ಮೆ ಚೇಷ್ಟೆ ಮಾಡಿದ್ದೆ. "ಅಡಗಿನೂ ನಾನ ಮಾಡಿ ಬಡಸಬೇಕಲ್ಲಕ್ಕಾ, ಇದೆಂಥಾ ಅತಿಥಿ?" ಅಂದಳು. ನಗಲಿಲ್ಲ.

ಅವಳ ಅಪ್ಪ ಇಬ್ರಾಹಿಮ ಕಾಗವಾಡದ ಮಿರಜ ರಸ್ತೆಯ ಮೇಲೆ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇಟ್ಟಿದ್ದರು. ಸುತ್ತಲಿನ ಟ್ರ್ಯಾಕ್ಟರುಗಳ ಸತ್ತ ಬ್ಯಾಟರಿಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಆಸಿಡ್ ಸಿಡಿದು ಮಗಳ ಲಂಗಗಳಿಗೆಲ್ಲ ತೂತು. ಈ ಡಬ್ಬಿಯೊಳಗೆ ಏನಾಗುತ್ತದೆ ಎಂದು ಅವಳು ಕೇಳಿದರೆ, "ಒಂದ ಕಡಿಯಿಂದ ಹೊಕ್ಕೈತಿ, ಇನ್ನೊಂದ ಕಡಿಗೆ ಬರ್ತೈತಿ. ಹೋಗೂದು ನಿಂತ್ರ ಸತ್ತಂಗ" ಎನ್ನುತ್ತಿದ್ದರಂತೆ. ಹೋಗುವುದು ಏನು ಎಂದು ತಿಳಿಯಲು ಅವಳು ಎಂ.ಎಸ್ಸಿ. ತನಕ ಓದಿದಳು. ತಿಳಿದದ್ದನ್ನು ಇನ್ನೊಬ್ಬರಿಗೆ ತಿಳಿಸುವುದರಲ್ಲಿ ಕೂದಲು ಬೆಳ್ಳಗಾಯಿತು.

ನಮ್ಮದು ಗಡಿ. ಅರ್ಧ ಮಕ್ಕಳು ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಓದಿ ಬಂದವರು, ಇನ್ನರ್ಧ ಮರಾಠಿಯಲ್ಲಿ. ಪುಸ್ತಕ ಇಂಗ್ಲಿಷಿನಲ್ಲಿ. ಹಾಗಾಗಿ ತಸ್ಲೀಮ ಒಂದು ಲೆಕ್ಕವನ್ನು ಕನ್ನಡದಲ್ಲಿ ಹೇಳಿ, ಮರಾಠಿಯಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಬರೆಯುತ್ತಾಳೆ. ಗೋಡೆಯ ಆಚೆ ನಾನು ಹಳಗನ್ನಡ ಮಾಡುತ್ತಿರುವಾಗ ಅವಳ ದನಿ ಕೇಳುತ್ತಲೇ ಇರುತ್ತದೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ಕೇಳಿ ಕೇಳಿ ನನಗೇ ಆ ಪಾಠ ಬಾಯಿಪಾಠವಾಗಿದೆ. ಒಂದು ಲೋಹ ತನ್ನ ಎಲೆಕ್ಟ್ರಾನುಗಳನ್ನು ಕೊಡುತ್ತದೆ, ಎದುರಿನದು ತೆಗೆದುಕೊಳ್ಳುತ್ತದೆ. ಕೊಡುವುದು ಉತ್ಕರ್ಷಣ, ತೆಗೆದುಕೊಳ್ಳುವುದು ಅಪಕರ್ಷಣ. ಕೋಶವನ್ನು ಬರೆಯುವಾಗ ಕೊಡುವುದನ್ನು ಎಡಕ್ಕೆ ಬರೆಯಬೇಕು, ತೆಗೆದುಕೊಳ್ಳುವುದನ್ನು ಬಲಕ್ಕೆ. ಬಲಗಡೆಯ ಅಂಕಿಯಿಂದ ಎಡಗಡೆಯದನ್ನು ಕಳೆದರೆ ಕೋಶದ ವೋಲ್ಟು ಸಿಗುತ್ತದೆ. "ಕೊಡಾಂವ ಎಡಗಡೆ, ತಗೊಳ್ಳಾಂವ ಬಲಗಡೆ" ಎಂದು ಅವಳು ಇಡೀ ಕ್ಲಾಸಿನಿಂದ ಕೂಗಿಸುತ್ತಾಳೆ. ಮಕ್ಕಳು ಗೋಡೆ ಬೀಳುವ ಹಾಗೆ ಕೂಗುತ್ತಾರೆ. ಆಮೇಲೆ ಕಬ್ಬಿಣ ಮತ್ತು ತಾಮ್ರದ ಲೆಕ್ಕ ಕೊಟ್ಟರೆ, ಕೂಗಿದವರೆಲ್ಲ ಕಬ್ಬಿಣವನ್ನು ಬಲಗಡೆಗೆ ಕೂರಿಸುತ್ತಾರೆ.

"ಕಬ್ಬಿಣ ಕೊಡತೈತಲೇ, ತಾಮ್ರ ತಗೊಳತೈತಿ," ಎಂದು ಅವಳು ತಿದ್ದುತ್ತಾಳೆ. ತಿದ್ದಿಸಿಕೊಳ್ಳುತ್ತಾರೆ. ಮುಂದಿನ ವಾರ ಕೊಟ್ಟರೆ ಮತ್ತೆ ಅದೇ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಈ ತಪ್ಪನ್ನೇ ಇಲ್ಲಿನ ಮಕ್ಕಳು ಯಾಕೆ ಮಾಡುತ್ತಾರೆ ಎಂದು ಅವಳಿಗೆ ತಿಳಿದಿರಲಿಲ್ಲ. ನನಗೆ ತಿಳಿಯುವ ಮಾತೇ ಇಲ್ಲ.

ಇವರೆಲ್ಲರ ಪೈಕಿ ಅನುಸೂಯಾ ಬೇರೆ. ಅವಳು ಮಂಗಸೂಳಿಯ ದ್ರಾಕ್ಷಿ ತೋಟದ ಸೊಸೆ. ನಮ್ಮ ಕಾಲೇಜಿನಲ್ಲೇ ಓದಿ, ಎಲ್ಲ ವಿಷಯದಲ್ಲೂ ಪಾಸಾಗಿ, ರಸಾಯನಶಾಸ್ತ್ರ ಒಂದರಲ್ಲಿ ನಪಾಸಾಗಿ ಮದುವೆಯಾದವಳು. ಆಮೇಲೆ ಒಂದು ದಿನ ಮಿರಜಿನ ಆಸ್ಪತ್ರೆಯಲ್ಲಿ ಮಾವನ ಹಾಸಿಗೆಯ ಪಕ್ಕ ಕೂತಾಗ ನರ್ಸುಗಳ ಕೆಲಸ ನೋಡಿ ಅವಳ ಮನಸ್ಸು ಅಲ್ಲೇ ನಿಂತುಬಿಟ್ಟಿತು. ಮಾವ ಉಳಿಯಲಿಲ್ಲ, ಆ ಆಸೆ ಉಳಿಯಿತು. ನರ್ಸಿಂಗ್ ಶಾಲೆಯಲ್ಲಿ ಸೀಟು ಕೊಡುತ್ತೇವೆ ಅಂದಿದ್ದರು, ಪಿಯುಸಿ ಪಾಸಾಗಿ ಬಂದರೆ. ಈ ವರ್ಷದ ಮೊದಲ ಪರೀಕ್ಷೆ ಹೋಯಿತು, ಎರಡನೆಯದೂ ಹೋಯಿತು. ಉಳಿದದ್ದು ಜೂನ್‌ನ ಮೂರನೆಯ ಪರೀಕ್ಷೆ. ಅದೂ ಹೋದರೆ ಇನ್ನು ಸಾಕು, ತೋಟ ನೋಡಿಕೊಂಡಿರು ಎಂದು ಅತ್ತೆ ಸಾವಕ್ಕ ಹೇಳಿಯಾಗಿತ್ತು.

ಅನುಸೂಯಾ ರಜೆಯ ಮಧ್ಯಾಹ್ನಗಳಲ್ಲಿ ನನ್ನ ಪಕ್ಕದಲ್ಲೇ ಇರುವ ತಸ್ಲೀಮಳ ಮನೆಗೆ ಬಂದು ಲೆಕ್ಕ ಮಾಡುತ್ತಿದ್ದಳು. ದಡ್ಡಿಯಲ್ಲ. ಕೂಡುವುದು, ಕಳೆಯುವುದು ಕೈ ತಪ್ಪುತ್ತಿರಲಿಲ್ಲ. ಆದರೆ ಅವಳ ಪ್ರತಿ ಉತ್ತರದ ಹಿಂದೆ ಒಂದು ಮೈನಸ್ ನಿಂತಿರುತ್ತಿತ್ತು. ಕಬ್ಬಿಣ-ತಾಮ್ರದ ಕೋಶಕ್ಕೆ 0.78 ವೋಲ್ಟ್ ಬರಬೇಕು. ಇವಳಿಗೆ ಮೈನಸ್ 0.78. ಸತು, ಬೆಳ್ಳಿ ಕೊಟ್ಟರೂ ಹಾಗೇ. ಒಂದು ಲೋಹದ ಮೇಲೆ ಇನ್ನೊಂದು ಹತ್ತಿ ಕೂತರೆ ಕೆಳಗಿನದೇ ತೆಗೆದುಕೊಂಡದ್ದು ಎಂದು ಅವಳ ತಲೆಯಲ್ಲಿ ಬೇರುಬಿಟ್ಟಿತ್ತೆಂದು ನಮಗೆ ತಿಳಿದದ್ದು ಆಮೇಲೆ. "ಇದು ಸತ್ತ ಬ್ಯಾಟರಿ, ಅನುಸೂಯಾ. ಮೈನಸ್ ಬಂತಂದ್ರ ಹೋಗೂದ ಇಲ್ಲ," ಎಂದು ತಸ್ಲೀಮ ಹಾಳೆ ಪಕ್ಕಕ್ಕಿಡುತ್ತಿದ್ದಳು. ಅನುಸೂಯಾ ಕಣ್ಣು ತುಂಬಿಕೊಂಡು ಬಸ್ಸಿಗೆ ಹೋಗುತ್ತಿದ್ದಳು. ನೋಡಲು ನನಗೇ ಸಂಕಟವಾಗುತ್ತಿತ್ತು.

ಜೂನ್ ಬರುವ ಮುಂಚೆಯೇ ಅತ್ತೆಯ ಮನಸ್ಸು ತಿರುಗಿತು. ಮೂರನೆಯ ಪರೀಕ್ಷೆಯೂ ಬೇಡವೆಂದಳಂತೆ. ಸುದ್ದಿ ಬಂದ ಭಾನುವಾರ ತಸ್ಲೀಮ ಸ್ಕೂಟರ್ ತೆಗೆದಳು. ಹಿಂದೆ ನಾನು ಕೂತೆ. ಮಾತಿಗೆ ಆಗದಿದ್ದರೆ ಭಾರಕ್ಕಾದರೂ ಆಗುತ್ತೇನೆ ಎಂದು. ಮಂಗಸೂಳಿಯ ರಸ್ತೆ ತುಂಬ ಮಲ್ಲಯ್ಯನ ದರ್ಶನಕ್ಕೆ ಬಂದವರ ಗಾಡಿಗಳು, ಎಲ್ಲರ ಹಣೆಯ ಮೇಲೂ ಭಂಡಾರದ ಅರಿಶಿನ. ಅವರ ನಡುವೆ ನುಸುಳಿ ತೋಟ ಮುಟ್ಟುವಷ್ಟರಲ್ಲಿ ನನ್ನ ಸೊಂಟ ನನ್ನದಾಗಿರಲಿಲ್ಲ.

ಸಾವಕ್ಕ ದೊಡ್ಡ ಪ್ಲಾಸ್ಟಿಕ್ ಬ್ಯಾರಲ್ ಮುಂದೆ ಕೋಲು ಹಿಡಿದು ನಿಂತಿದ್ದಳು. ಬಳ್ಳಿಗಳಿಗೆ ಮಳೆಗಾಲದ ರೋಗ ಹತ್ತಬಾರದೆಂದು ಇಲ್ಲಿ ಎಲ್ಲರೂ ಮೈಲುತುತ್ತ ಮತ್ತು ಸುಣ್ಣ ಕಲಸಿ ಸಿಂಪಡಿಸುತ್ತಾರೆ. ಮೈಲುತುತ್ತಕ್ಕೆ ಗಡಿಯ ಜನ ಮೋರಚೂದ ಅನ್ನುತ್ತಾರೆ. ನೀಲಿ ಹರಳು, ಒಳಗಿರುವುದು ತಾಮ್ರ. ಸಾವಕ್ಕ ನಮ್ಮನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಬರ್ರಿ ಬಾಯಾರ. ಚಾ ಕುಡೀರಿ, ನೀರ ಕುಡೀರಿ. ಪರೀಕ್ಷಾದ ಮಾತ ಮಾತ್ರ ತಗೀಬ್ಯಾಡ್ರಿ." ಮೇಡಂ ಅನ್ನುವುದಕ್ಕೆ ಇಲ್ಲಿನ ಹಿರಿಯರು ಬಾಯಾರ ಅನ್ನುತ್ತಾರೆ.

"ಅದಕ್ಕ ಬಂದೀನಿ ಸಾವಕ್ಕಾ," ಅಂದಳು ತಸ್ಲೀಮ.

"ಮೂರ ಸಲ ಬರದ್ಳು. ಹೊಳಿಯಾಗ ಹುಣಸಿಹಣ್ಣ ಕಿವುಚಿದಂಗ ಆತು. ಮಳಿ ಬಾಗಲಕ್ಕ ಬಂದೈತಿ. ಈಗ ಔಷಧ ಹೊಡೀದಿದ್ರ ಬಳ್ಳಿ ಮುಂದಿನ ಪರೀಕ್ಷಾದ ತನಕ ಕಾಯ್ತೈತೇನು?"

ಸಾವಕ್ಕ ಸೊಂಟದಿಂದ ಕುಡುಗೋಲು ತೆಗೆದು ಅದರ ಅಲಗನ್ನು ಬ್ಯಾರಲ್‌ನೊಳಗೆ ಅದ್ದಿದಳು, ಸ್ವಲ್ಪ ಹೊತ್ತು ಹಿಡಿದು ಮೇಲೆತ್ತಿದಳು. ಅಲಗಿನ ಮೇಲೆ ಕೆಂಪಗೆ ತೆಳ್ಳಗೆ ಏನೋ ಹತ್ತಿತ್ತು. "ಇನ್ನಾ ಸುಣ್ಣ ಬೇಕು. ಭರತಾ, ತಾರೋ," ಎಂದು ಮಗನನ್ನು ಕೂಗಿದಳು. ಸುಣ್ಣ ಸಾಲದಿದ್ದರೆ ಉಳಿದ ತಾಮ್ರ ಕುಡುಗೋಲಿಗೆ ಹತ್ತುತ್ತದೆ, ಆ ನೀರು ಹೊಡೆದರೆ ಎಲೆ ಸುಡುತ್ತದೆ. ದ್ರಾಕ್ಷಿ ಬೆಳೆಯುವ ಮನೆಗಳಲ್ಲಿ ಇದು ಮಕ್ಕಳಿಗೂ ಗೊತ್ತಿರುವ ಪರೀಕ್ಷೆ.

ತಸ್ಲೀಮ ಆ ಅಲಗನ್ನೇ ನೋಡುತ್ತಿದ್ದಳು. ಆಮೇಲೆ, ಚಹಾ ತಂದು ಪಕ್ಕದಲ್ಲಿ ನಿಂತಿದ್ದ ಅನುಸೂಯಾಳನ್ನು ಮೆಲ್ಲಗೆ ಕೇಳಿದಳು, "ಈಗ ಏನಾತು ಅಲ್ಲಿ?"

"ಕುಡಗೋಲಿಗೆ ತಾಮ್ರ ಬಂತ್ರಿ ಮೇಡಂ."

"ಅಂದ್ರ ಕಬ್ಬಿಣ ಏನ ಮಾಡಿತು?"

"ತಗೊಂತ್ರಿ. ಕಾಣಾಕತ್ತೈತಲ್ರಿ."

ತಸ್ಲೀಮ ಅಲ್ಲೇ ಸುಣ್ಣದ ಚೀಲದ ಮೇಲೆ ಕುಸಿದು ಕೂತಳು. "ಅಕ್ಕಾ, ಇದ ನೋಡ. ಇದನ್ನ ಸಣ್ಣವರಿದ್ದಾಗಿಂದ ನೋಡಕೊಂತ ಬೆಳದಾರ ಇವ್ರೆಲ್ಲಾ. ನಾ ಹಲಗಿ ಮ್ಯಾಲ ಬರದದ್ದು ಹೆಂಗ ನಂಬ್ತಾರ?" ಸಿಟ್ಟು, ನಗು, ಅಳು ಮೂರೂ ಅವಳ ಮುಖದಲ್ಲಿ ಒಟ್ಟಿಗೇ ಬಂದವು. ಊರ ತುಂಬ ಕುಡುಗೋಲುಗಳಿದ್ದವು, ಇವಳು ಬ್ಯಾಟರಿ ಅಂಗಡಿಯ ಮಗಳು. ತೋಟಕ್ಕೆ ಬಂದು ನೋಡಿರಲಿಲ್ಲ ಅಷ್ಟೇ.

ಅಷ್ಟರಲ್ಲಿ ಸಾವಕ್ಕ ಕುಡುಗೋಲನ್ನು ಕಟ್ಟೆಯ ಮೇಲಿಟ್ಟು ಟ್ರ್ಯಾಕ್ಟರ್ ಕಡೆ ಹೋದಳು. ತಸ್ಲೀಮ ಎದ್ದು, ಪಕ್ಕದ ಬಕೆಟ್ಟಿನಲ್ಲಿ ಇನ್ನೂ ಸುಣ್ಣ ಬೆರೆಸದೆ ಇಟ್ಟಿದ್ದ ಮೋರಚೂದದ ನೀರನ್ನು ಪ್ಲಾಸ್ಟಿಕ್ ಮಗ್ಗಿಗೆ ಬಗ್ಗಿಸಿ, ಕುಡುಗೋಲನ್ನು ಅದರಲ್ಲಿ ನಿಲ್ಲಿಸಿದಳು. ಯಾರನ್ನೂ ಕೇಳಲಿಲ್ಲ. "ಸಂಜೀಕ ತಗದು ನೋಡು. ನೀರೂ ನೋಡು, ಅಲಗೂ ನೋಡು," ಎಂದು ಅನುಸೂಯಾಳಿಗೆ ಹೇಳಿ ಹೊರಟಳು. ಬಂದ ಕೆಲಸ ಹಾಗೇ ಉಳಿಯಿತು. ಪರೀಕ್ಷೆಗೆ ಸಾವಕ್ಕ ಹೂಂ ಅನ್ನಲಿಲ್ಲ.

ಸಂಜೆ ಮಳೆ ಬಂತು. ಸುಣ್ಣದ ಚೀಲ, ಮೋರಚೂದದ ಚೀಲ ಒಳಗೆ ಹಾಕುವ ಗದ್ದಲದಲ್ಲಿ ಅನುಸೂಯಾ ಛಪ್ಪರದ ಕೆಳಗಿನ ಮಗ್ಗನ್ನು ಮರೆತಳು. ಬೆಳಿಗ್ಗೆ ಅದು ಅತ್ತೆಯ ಕಣ್ಣಿಗೆ ಬಿತ್ತು. ತಸ್ಲೀಮಳ ಫೋನಿನಲ್ಲಿ ಅನುಸೂಯಾಳ ಅಳು ನನಗೂ ಕೇಳುತ್ತಿತ್ತು. "ಕುಡಗೋಲ ಪೂರಾ ಹೋಗೇತ್ರಿ ಮೇಡಂ. ಅದು ಅತ್ತಿಯವ್ರ ತೌರಮನೀದು, ಏಕಸಂಬಿಯಿಂದ ಮದಿವ್ಯಾಗ ತಂದಿದ್ದು. ಇನ್ನ ಪುಸ್ತಕ ಮುಟ್ಟಬ್ಯಾಡ ಅಂದಾರ."

ಮತ್ತೆ ಸ್ಕೂಟರ್, ಮತ್ತೆ ನನ್ನ ಸೊಂಟ. ದಾರಿಯಲ್ಲಿ ನಾನು ಸುಮ್ಮನಿರಲಿಲ್ಲ. "ಒಂದ ಮೊಳಿ ಅದ್ದಿದ್ರ ಆಗ್ತಿದ್ದಿಲ್ಲೇನ ತಂಗಿ? ಆಕೀ ಕುಡಗೋಲ ಬೇಕಾಗಿತ್ತೇನು?"

"ಹೊಳೀಲಿಲ್ಲಕ್ಕಾ," ಅಂದಳು. "ಭಾಳ ದಣದಿದ್ನಿ. ಎದರಿಗೆ ಅದ ಕಂಡ್ತು." ಅವಳ ಬೆನ್ನು ಇಷ್ಟೇ ಇಷ್ಟಾಗಿತ್ತು. ನಾನು ಮುಂದೆ ಬೈಯಲಿಲ್ಲ.

ಸಾವಕ್ಕ ಅಂಗಳದಲ್ಲಿ ಕುಡುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಲಗಿಗೆ ಕೆಂಪು ಕೆಸರಿನಂಥ ತಾಮ್ರ ದಪ್ಪಗೆ ಅಂಟಿತ್ತು. ಸೆರಗಿನಿಂದ ಒರೆಸಿದಲ್ಲೆಲ್ಲ ಒಳಗಿನ ಕಬ್ಬಿಣ ಇಲಿ ಕಡಿದ ರೊಟ್ಟಿಯಂತೆ ಕಾಣುತ್ತಿತ್ತು. ನಮ್ಮ ಕಡೆ ನೋಡದೆಯೇ ಮಾತಾಡಿದಳು.

"ನಮ್ಮಪ್ಪ ಕೊಟ್ಟಿದ್ದು ಬಾಯಾರ. ಆವಾ ಹೋದಾ, ತೌರಮನಿ ಹೋತು, ಇದೊಂದ ಉಳದಿತ್ತು. ಕಲಿಸಾವ್ರು ಮಂದಿ ಸಾಮಾನು ಕೇಳಿ ಮುಟ್ಟೂದ ಕಲ್ತಿಲ್ಲೇನ್ರಿ?"

"ತಪ್ಪಾತ್ರಿ ಅವ್ವಾ," ಅಂದಳು ತಸ್ಲೀಮ. "ನಂದ ತಪ್ಪು. ಹುಡುಗಿ ಮ್ಯಾಲ ಸಿಟ್ಟ ಮಾಡಬ್ಯಾಡ್ರಿ."

ಸಾವಕ್ಕ ಅಲಗನ್ನು ಒರೆಸುತ್ತಲೇ ಇದ್ದಳು. ಆಗ ಅನುಸೂಯಾ ಒಳಗಿನಿಂದ ಆ ಮಗ್ಗನ್ನು ತಂದು ಅತ್ತೆಯ ಮುಂದಿಟ್ಟಳು. ಎದುರಿಗೇ ಕೂತಳು.

"ಅತ್ತೀ, ಈ ನೀರ ನೋಡ್ರಿ. ನಿನ್ನೆ ನೀಲಿ ಇತ್ತು, ಇವತ್ತ ತೆಳ್ಳಗ ಹಸರ ಆಗೇತಿ. ಇದರಾಗಿನ ತಾಮ್ರ ಹೊರಗ ಬಂದು ಕುಡಗೋಲ ಮ್ಯಾಲ ಕುಂತೈತಿ. ಕುಡಗೋಲಿನ ಕಬ್ಬಿಣ ಇದರಾಗ ಇಳದೈತಿ. ನಿಮ್ಮ ಕುಡಗೋಲ ಎಲ್ಲಿ ಹೋಗಿಲ್ರಿ, ಈ ನೀರಾಗ ಐತಿ."

"ಏನರ ಹೇಳಬ್ಯಾಡ. ಕುಡಗೋಲಿಗೆ ತಾಮ್ರ ಬರತೈತಿ, ನಾ ದಿನಾ ನೋಡೂದಿಲ್ಲೇನ?"

"ಬಂದದ್ದ ಕಾಣತೈತ್ರಿ ಅತ್ತೀ, ಹೋದದ್ದ ಕಾಣೂದಿಲ್ಲ. ನಾನೂ ಹಂಗ ತಿಳದಿದ್ನಿ. ಮೊದಲ ಕಬ್ಬಿಣ ತನ್ನದನ್ನ ಕೊಡತೈತಿ. ಅದು ಕೊಟ್ಟದ್ದನ್ನ ನೀರಾಗಿನ ತಾಮ್ರ ತಗೊಂಡು ಗಟ್ಟಿ ಆಗಿ ಅದರ ಮ್ಯಾಲ ಕುಂದರತೈತಿ. ಕಬ್ಬಿಣ ತಾ ಕರಗಿ ಹೋಗಿರತೈತಿ. ಕುಡಗೋಲ ಏನೂ ತಗೊಂಡಿಲ್ರಿ, ಬರೇ ಕೊಟ್ಟೈತಿ."

ತಸ್ಲೀಮ ಮೂರು ಭಾಷೆಯಲ್ಲಿ ಹೇಳಿ ಹೇಳಿ ಸೋತ ಪಾಠ ಯಾರದೋ ಅಂಗಳದಲ್ಲಿ, ಒಂದೂ ತಪ್ಪಿಲ್ಲದೆ ಬರುತ್ತಿತ್ತು. ಸಾವಕ್ಕ ಮಗ್ಗನ್ನು ಓರೆ ಮಾಡಿ ನೀರನ್ನು ನೋಡಿದಳು, ಅಲಗನ್ನು ನೋಡಿದಳು.

"ಹಂಗಂದ್ರ ನಾ ಅದ್ದಿದಾಗೆಲ್ಲಾ ಒಂದೀಟ ಹೊಕ್ಕಿತ್ತು?"

"ಕೂದಲೆಳಿಯಷ್ಟ ಹೋಗಿರಬೇಕ್ರಿ."

"ಮಸದ ಮಸದ ಸವದೈತಿ ಅಂತ ತಿಳದಿದ್ನಿ ನಾ," ಅಂದಳು ಸಾವಕ್ಕ. ಸಿಟ್ಟು ಇಳಿದಿರಲಿಲ್ಲ, ಆದರೆ ದನಿ ಇಳಿದಿತ್ತು. ಕುಡುಗೋಲು ಕೆಳಗಿಟ್ಟು ಎದ್ದಳು. "ನನಗ ತಿಳಿಯೂಹಂಗ ಹೇಳಿದಿ. ಕಾಗದದ ಮ್ಯಾಲೂ ಹಿಂಗ ಬರಿ. ಔಷಧ ನಾನೂ ಭರತನೂ ಹೊಡೀತೀವಿ. ಇದೊಂದ ಸಲ."

ತಸ್ಲೀಮ ಅಲ್ಲೇ, ಆ ಕಟ್ಟೆಯ ಮೇಲೆಯೇ, ಅದೇ ಹಳೆಯ ಲೆಕ್ಕ ಕೊಟ್ಟಳು. ಅನುಸೂಯಾ ಕಬ್ಬಿಣವನ್ನು ಎಡಕ್ಕೆ ಬರೆದಳು, ತಾಮ್ರವನ್ನು ಬಲಕ್ಕೆ. 0.34ರಿಂದ ಮೈನಸ್ 0.44 ಕಳೆದಳು. ಮೈನಸ್ಸಿಗೆ ಮೈನಸ್ ಸೇರಿ ಪ್ಲಸ್ ಆಯಿತು, 0.78 ಬಂತು. ತಸ್ಲೀಮ ಅದನ್ನು ನೋಡಿ, "ಜೀವ ಬಂತು ಡಬ್ಬಿಗೆ," ಅಂದಳು. ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಒಂದಿಷ್ಟು ಅತ್ತಳು. ಅಷ್ಟು ವರ್ಷದ ದಣಿವು ಒಮ್ಮೆಗೇ ಇಳಿದರೆ ಯಾರಾದರೂ ಅಳುತ್ತಾರೆ.

ಆಮೇಲಿನ ದಿನಗಳು ಮತ್ತೆ ಲೆಕ್ಕದವೇ. ಎಡ-ಬಲ ಕೂತಮೇಲೆ ಸಮೀಕರಣ ಸರಿದೂಗಿಸುವುದೂ ಅನುಸೂಯಾಳ ಕೈಗೆ ಬಂತು. ಪರಮ್ಯಾಂಗನೇಟ್ ಐದು ಎಲೆಕ್ಟ್ರಾನ್ ಕೇಳುತ್ತದೆ, ಕಬ್ಬಿಣದ ಒಂದು ಅಯಾನು ಕೊಡುವುದು ಒಂದನ್ನೇ. ಹಾಗಾಗಿ ಐದು ಕಬ್ಬಿಣ ಬೇಕು. "ಒಬ್ಬಾಂವ ಕುಂತ ಉಣ್ಣಾಕ ಐದ ಮಂದಿ ದುಡೀಬೇಕ್ರಿ. ನಮ್ಮ ಓಣ್ಯಾಗ ಹಿಂಥಾ ಮನಿ ಭಾಳ ಅದಾವು," ಅಂದಳು. ತಸ್ಲೀಮ ನಕ್ಕಳು. ಆ ಬೇಸಿಗೆಯಲ್ಲಿ ಅವಳು ನಕ್ಕದ್ದು ನನಗೆ ನೆನಪಿರುವುದು ಅದೊಂದೇ.

ಪರೀಕ್ಷೆಯ ದಿನ ಅಥಣಿಯ ಕೇಂದ್ರದ ಹೊರಗೆ ಬೇವಿನ ಮರದಡಿ ನಾವಿಬ್ಬರೂ ಕಾದೆವು. ಕಾಯುವುದು ಅವಳ ಕೆಲಸವಾಗಿರಲಿಲ್ಲ, ನನ್ನದಂತೂ ಅಲ್ಲವೇ ಅಲ್ಲ. ಅನುಸೂಯಾ ಹೊರಗೆ ಬಂದ ಕೂಡಲೇ ತಸ್ಲೀಮ ಉಳಿದದ್ದೇನೂ ಕೇಳಲಿಲ್ಲ.

"ಕಬ್ಬಿಣ ಬಂದಿತ್ತೇನು?"

"ಕಬ್ಬಿಣ ಅಲ್ರಿ, ನಿಕ್ಕಲ್ ಬೆಳ್ಳಿ ಬಂದಿತ್ತು."

"ಯಾವ ಕಡೆ ಕುಂದರ್ಸಿದಿ?"

"ನಿಕ್ಕಲ್ ಎಡಗಡೆ. ಕೊಡೂದು ಅದಲ್ರಿ?" ಅಂದಳು ಅನುಸೂಯಾ. ಇದೆಂಥ ಪ್ರಶ್ನೆ ಎನ್ನುವಂತಿತ್ತು ಅವಳ ಮುಖ. ತಸ್ಲೀಮ ಬೇವಿನ ಬೊಡ್ಡೆಗೆ ಒರಗಿ ಕಣ್ಣು ಮುಚ್ಚಿದಳು.

ಅನುಸೂಯಾ ಪಾಸಾದಳು. ದೊಡ್ಡ ಅಂಕವೇನಲ್ಲ, ಆದರೆ ಪಾಸು ಪಾಸೇ. ಅಷ್ಟರಲ್ಲಿ ನಮ್ಮ ಕಾಲೇಜು ಶುರುವಾಗಿತ್ತು. ತಸ್ಲೀಮಳನ್ನು ಈ ವರ್ಷವೂ ಅತಿಥಿಯೆಂದು ಕರೆದಿದ್ದರು, ಮೊಣಕೈ ಮತ್ತೆ ಮೇಜಿನ ಮೇಲೆ ಮಲಗತೊಡಗಿತ್ತು. ಸಾವಕ್ಕನಿಗೆಂದು ಅವಳು ಕಾಗವಾಡದ ಸಂತೆಯಲ್ಲಿ ಹೊಸ ಕುಡುಗೋಲು ಕೊಂಡು ಕಳಿಸಿದಳು. ಹಿಡಿ ಸರಿಯಿಲ್ಲ ಎಂದು ಬೈದು ಸಾವಕ್ಕ ಅದನ್ನು ಇಟ್ಟುಕೊಂಡಳಂತೆ.

ಅನುಸೂಯಾ ಮಿರಜಿಗೆ ಹೊರಟ ದಿನ ನಾವು ಕಾಗವಾಡದ ಬಸ್ ನಿಲ್ದಾಣಕ್ಕೆ ಹೋದೆವು. ಭರತ ಹೆಂಡತಿಯ ಟ್ರಂಕು ಏರಿಸಿ, ಅವಳನ್ನು ಬಿಟ್ಟುಬರಲು ತಾನೂ ಹತ್ತಿದ. ಸಾವಕ್ಕ ಕಿಟಕಿಯ ಕೆಳಗೆ ನಿಂತು ಸೊಸೆಗೆ ಬುತ್ತಿ ಕೊಟ್ಟಳು, ಹೊತ್ತಿಗೆ ಸರಿಯಾಗಿ ಉಣ್ಣು ಅಂದಳು, ಬೇರೇನೂ ಅನ್ನಲಿಲ್ಲ. ಬಸ್ಸು ಹೋಯಿತು. ಧೂಳು ಕೂತಮೇಲೂ ಅವಳು ಆ ಕಡೆಯೇ ನೋಡುತ್ತಿದ್ದಳು. ಮಳೆಯಲ್ಲಿ, ಕೆಸರಿನಲ್ಲಿ, ಆ ಬಳ್ಳಿಗಳ ಮಧ್ಯೆ ಇನ್ನು ಅವಳ ಜೊತೆ ಮಾತಾಡುತ್ತ ದುಡಿಯುವ ಸೊಸೆಯಿಲ್ಲ.

ತಸ್ಲೀಮ ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದಳು. ಸಾವಕ್ಕ ಬಂದು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಗಂಟನ್ನು ಅವಳ ಕೈಗಿಟ್ಟಳು. ಬಿಚ್ಚದೆಯೇ ತಿಳಿಯಿತು, ಅದು ಆ ಕುಡುಗೋಲು.

"ನಿಮ್ಮ ಹುಡುಗೂರಿಗೆ ತೋರ್ಸ್ರಿ. ಬಾಯಿಲೆ ಹೇಳಿದ್ರ ಯಾರೂ ನಂಬೂದಿಲ್ಲ."

"ಇದು ನಿಮ್ಮ ತೌರಮನೀದು ಅವ್ವಾ."

"ಇರ್ಲಿ ತಗೋರಿ." ಸಾವಕ್ಕ ಗಂಟನ್ನು ಅವಳ ಕಡೆಗೇ ತಳ್ಳಿದಳು. "ಬಾಯಾರ, ನಿಮ್ಮ ಲೆಕ್ಕದ್ದ ಒಂದ ಮಾತ ಕೇಳ್ತೀನಿ. ಅನುಸೂ ಈ ಎಡ-ಬಲದ್ದ ನನಗ ದಿನಾ ಹೇಳ್ತಿದ್ಳು. ಕುಡಗೋಲ ಕೊಟ್ನಿ. ಸೊಸೀನೂ ಕೊಟ್ಟ ಕಳಿಸಿದ್ನಿ. ನನ್ನ ಯಾವ ಕಡೆ ಬರೀತೀರಿ?"

ತಸ್ಲೀಮ ನೋಯುವ ಮೊಣಕೈಯಿಂದಲೇ ಆ ಗಂಟನ್ನು ಎದೆಗೆ ಒತ್ತಿಕೊಂಡಳು.

"ಎಡಗಡೆ ಅವ್ವಾ," ಅಂದಳು. "ನನ್ನ ಬಾಜೂಕ."

"ಹಂಗಾರ ಒಂದೀಟ ಸರೀರಿ," ಎಂದು ಸಾವಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಕಟ್ಟೆಯ ಮೇಲೆ ಅವಳ ಪಕ್ಕ ಕೂತಳು.